ಓಡಲು ಕಲಿತ ಹೋರಿಗೆ ನಿಲ್ಲಲು ಕಲಿಸುವುದು

ಶಿಕಾರಿಪುರ, ಸೊರಬದ ಕಡೆ ಹುಟ್ಟಿ ಬೆಳೆದ ಸೋದರಿಯರಿಗೆ ಹೋರಿ ಹಬ್ಬದ ಪರಿಚಯ ಮಾಡಿಕೊಡಬೇಕಾಗಿಲ್ಲ. ದೀಪಾವಳಿ ಮುಗಿಯುತ್ತಿದ್ದಂತೆ ಒಂದೊಂದು ವಾರ ಒಂದೊಂದು ಊರಿನಲ್ಲಿ ಅಖಾಡ ಸಿದ್ಧವಾಗುತ್ತದೆ. ಕೊರಳಿಗೆ ಒಣಕೊಬ್ಬರಿಯ ಸರ, ಕೊಂಬಿಗೆ ಬಲೂನು ಮತ್ತು ಬಣ್ಣದ ಕಾಗದ, ಬೆನ್ನಿಗೆ ಜೂಲ, ಕಾಲಿಗೆ ಗೆಜ್ಜೆ ಕಟ್ಟಿದ ಹೋರಿಗಳನ್ನು ಒಂದೊಂದಾಗಿ ಜನರ ನಡುವೆ ಬಿಡುತ್ತಾರೆ. ಯುವಕರು ಅದನ್ನು ಹಿಡಿದು ಕೊಬ್ಬರಿ ಹರಿಯಬೇಕು. ಯಾರ ಕೈಗೂ ಸಿಗದೆ ದಾಟಿಹೋದರೆ ಹೋರಿ ಗೆದ್ದಂತೆ. ಗೆದ್ದ ಹೋರಿಗೆ ಊರೂರಿನಲ್ಲಿ ಹೆಸರು, ಅಭಿಮಾನಿಗಳು, ಲಕ್ಷಗಟ್ಟಲೆ ಬೆಲೆ. ಶಿವಮೊಗ್ಗದ ಈ ತಾಲೂಕುಗಳಲ್ಲೂ ಪಕ್ಕದ ಹಾವೇರಿ ಜಿಲ್ಲೆಯಲ್ಲೂ ಇದು ಎಲ್ಲ ಜಾತಿ ಮತದ ಯುವಕರನ್ನು ಸೆಳೆಯುವ ಆಟ.

ಈ ಆಟದ ಬಗ್ಗೆ ಪತ್ರಿಕೆಗಳಲ್ಲಿ ಸಾಕಷ್ಟು ಬರುತ್ತದೆ. ಆದರೆ ಆಟ ಮುಗಿದ ಮೇಲೆ ಹೋರಿಯ ಗತಿ ಏನು ಎಂಬುದನ್ನು ಬರೆಯುವವರು ಕಡಿಮೆ. ಅದು ಅಖಾಡದ ಪ್ರಶ್ನೆಯಲ್ಲ, ಮನೆಯ ಪ್ರಶ್ನೆ. ಆದ್ದರಿಂದಲೇ ಅದನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಶಿರಾಳಕೊಪ್ಪದಿಂದ ಆನವಟ್ಟಿಗೆ ಹೋಗುವ ದಾರಿಯಲ್ಲಿ ಎರಡೂವರೆ ಎಕರೆ ಜಮೀನಿರುವ ಒಂದು ಕುಟುಂಬ. ಹಿರಿಯ ಮಗ ಹಠ ಹಿಡಿದು ಹೋರಿ ತಂದ. ಹುರುಳಿ, ಹಿಂಡಿ, ಹತ್ತಿಕಾಳು, ಮೊಟ್ಟೆ ತಿನ್ನಿಸಿ ಬೆಳೆಸಿದ. ಕೆರೆಯಲ್ಲಿ ಈಜಿಸಿದ. ನಾಲ್ಕಾರು ಅಖಾಡಗಳಲ್ಲಿ ಓಡಿಸಿದ. ಈಗ ಅವನು ದುಡಿಮೆಗಾಗಿ ಗಲ್ಫ್‌ಗೆ ಹೋಗಿದ್ದಾನೆ. ಹೋರಿ ಮಾತ್ರ ಕೊಟ್ಟಿಗೆಯಲ್ಲಿದೆ. ಅದಕ್ಕೆ ನೀರು ಇಡುವವರು, ಹುಲ್ಲು ಹಾಕುವವರು, ಸೆಗಣಿ ಬಾಚುವವರು ನೀವು. ಪಾತ್ರೆ ಬಿದ್ದ ಸದ್ದಿಗೆ ಅದು ಗೂಟ ಕಿತ್ತುಕೊಳ್ಳುವಂತೆ ಜಗ್ಗುತ್ತದೆ. ಮೊಮ್ಮಗು ಅಂಗಳದಲ್ಲಿ ಆಡುತ್ತಿದ್ದರೆ ನಿಮ್ಮ ಜೀವ ಕೈಯಲ್ಲಿರುತ್ತದೆ. ಫೋನಿನಲ್ಲಿ ಮಗ ಹೇಳುತ್ತಾನೆ, "ಅಮ್ಮಿ, ನೀವು ಅದರ ಹತ್ತಿರ ಹೋಗ್ಬೇಡಿ." ಹತ್ತಿರ ಹೋಗದೆ ನೀರು ಇಡುವುದು ಹೇಗೆ ಎಂದು ಮಾತ್ರ ಅವನು ಹೇಳುವುದಿಲ್ಲ.

ಅದನ್ನು ಮಾರಬಹುದು. ಆದರೆ ಓಟ ಬಿಟ್ಟ, ನೊಗ ಕಾಣದ ಹೋರಿಗೆ ಒಳ್ಳೆಯ ಕೊಳ್ಳುವವರು ಸುಲಭವಾಗಿ ಸಿಗುವುದಿಲ್ಲ. ಅದೇ ಹೋರಿ ನೊಗಕ್ಕೆ ಒಗ್ಗಿ, ಎತ್ತಾಗಿ, ಸಾಲಿನಲ್ಲಿ ನಿಧಾನವಾಗಿ ನಡೆಯುವಂತಾದರೆ ಅದರ ಬದುಕಿಗೂ ನಿಮ್ಮ ಮನೆಗೂ ಒಂದು ದಾರಿ ಸಿಗುತ್ತದೆ. ಇದು ಆಗದ ಮಾತಲ್ಲ. ಆದರೆ ಅದಕ್ಕೊಂದು ಕ್ರಮವಿದೆ, ಅದಕ್ಕಿಂತ ಹೆಚ್ಚಾಗಿ ತಾಳ್ಮೆ ಬೇಕು.

ಹೋರಿ ಕಲಿತ ಪಾಠ ಯಾವುದು?

ಈ ಆಟಕ್ಕೆ 'ಹೋರಿ ಬೆದರಿಸುವ ಸ್ಪರ್ಧೆ' ಎಂಬ ಹೆಸರೂ ಇದೆ. ಆ ಹೆಸರಿನಲ್ಲೇ ಎಲ್ಲವೂ ಇದೆ. ಹೋರಿ ಓಡುವುದು ಸಿಟ್ಟಿನಿಂದಲ್ಲ, ಬೆದರಿಕೆಯಿಂದ. ವರ್ಷಗಟ್ಟಲೆ ಅದಕ್ಕೆ ಮೂರು ಪಾಠ ಕಲಿಸಲಾಗಿದೆ. ಸದ್ದು ಕೇಳಿದರೆ ಓಡಬೇಕು. ಮನುಷ್ಯನ ಕೈ ಕೊರಳ ಬಳಿ ಬಂದರೆ ಕೊಂಬು ಬೀಸಬೇಕು. ಹಗ್ಗ ಬಿಚ್ಚಿದೊಡನೆ ನುಗ್ಗಬೇಕು. ನೊಗದ ಕೆಲಸಕ್ಕೆ ಬೇಕಾದದ್ದು ಸರಿಯಾಗಿ ಇದರ ವಿರುದ್ಧ. ಸದ್ದಿನಲ್ಲೂ ನಿಲ್ಲಬೇಕು. ಕೊರಳ ಬಳಿ ಕೈ ಬಂದರೆ ತಲೆ ತಗ್ಗಿಸಬೇಕು. ಹಗ್ಗ ಸಡಿಲಾದರೂ ಹೇಳುವ ತನಕ ಕಾಯಬೇಕು.

ಹಾಗಾಗಿ ನಾವು ಮಾಡಬೇಕಾದದ್ದು ಹೊಸ ಪಾಠ ಕಲಿಸುವುದಕ್ಕಿಂತ ಹಳೆಯ ಪಾಠ ಮರೆಸುವ ಕೆಲಸ. ಹೊಡೆದರೆ ಅದು ಆಗುವುದಿಲ್ಲ. ಏಕೆಂದರೆ ಹೊಡೆತ ಹಳೆಯ ಪಾಠವನ್ನೇ ಗಟ್ಟಿ ಮಾಡುತ್ತದೆ. ಮನುಷ್ಯ ಹತ್ತಿರ ಬಂದರೆ ನೋವು ಬರುತ್ತದೆ ಎಂದು ಹೋರಿ ಮೊದಲೇ ನಂಬಿದೆ. ಬಾರುಕೋಲು ಅದನ್ನು ನಿಜ ಮಾಡಿ ತೋರಿಸುತ್ತದೆ.

ಅದರ ಕಣ್ಣಿನಿಂದ ನೋಡಿ

ಎತ್ತು, ದನಗಳ ಕಣ್ಣು ತಲೆಯ ಎರಡು ಪಕ್ಕದಲ್ಲಿರುತ್ತವೆ. ತಲೆ ತಿರುಗಿಸದೆಯೇ ಅವು ಸುತ್ತಲಿನ ಸುಮಾರು 300 ಡಿಗ್ರಿಗೂ ಹೆಚ್ಚು ಭಾಗವನ್ನು ನೋಡುತ್ತವೆ. ಕಾಣದೇ ಇರುವುದು ನೇರ ಬೆನ್ನ ಹಿಂದಿನ ಜಾಗ. ಅಲ್ಲಿಂದ ನೀವು ಸದ್ದಿಲ್ಲದೆ ಹೋದರೆ ಒದೆ ಖಂಡಿತ. ಆದ್ದರಿಂದ ಯಾವಾಗಲೂ ಹೆಗಲಿನ ಪಕ್ಕದಿಂದ, ಮೊದಲು ಮಾತಾಡಿ, ನಂತರ ಹತ್ತಿರ ಹೋಗಬೇಕು.

ಕೆಂಪು ಬಟ್ಟೆ ಕಂಡರೆ ಹೋರಿ ಹಾಯುತ್ತದೆ ಎಂಬ ಮಾತನ್ನು ನೀವೂ ಕೇಳಿರಬಹುದು. ದನಗಳಿಗೆ ಕೆಂಪು ಬಣ್ಣ ನಮಗೆ ಕಾಣುವಂತೆ ಕಾಣುವುದೇ ಇಲ್ಲ. ಅವನ್ನು ಬೆದರಿಸುವುದು ಬಣ್ಣವಲ್ಲ, ಪಟಪಟ ಹಾರುವ ಬಟ್ಟೆ. ದುಪಟ್ಟಾದ ತುದಿ, ಬುರ್ಖಾದ ಅಂಚು ಗಾಳಿಗೆ ಹಾರದಂತೆ ಸಿಕ್ಕಿಸಿಕೊಂಡು ಕೊಟ್ಟಿಗೆಗೆ ಹೋದರೆ ಅರ್ಧ ತೊಂದರೆ ಅಲ್ಲೇ ತಪ್ಪುತ್ತದೆ. ನೆಲದ ಆಳವನ್ನು ಅಂದಾಜು ಮಾಡಲು ದನಕ್ಕೆ ತಲೆ ತಗ್ಗಿಸಿ ನೋಡಬೇಕಾಗುತ್ತದೆ. ನೆರಳಿನ ಗೆರೆ, ನೀರಿನ ಹೊಂಡ ಕಂಡಾಗ ಅದು ನಿಂತುಬಿಡುವುದು ಮೊಂಡುತನದಿಂದಲ್ಲ. ಅಲ್ಲಿ ಗುಂಡಿಯಿದೆಯೋ ಎಂದು ನೋಡಿಕೊಳ್ಳುತ್ತಿದೆ ಅಷ್ಟೇ. ಆಗ ಹಗ್ಗ ಸಡಿಲ ಬಿಟ್ಟು ನೋಡಲು ಬಿಡಿ.

ಕಿವಿಯೂ ನಮಗಿಂತ ಚುರುಕು. ಮನುಷ್ಯರಿಗೆ ಸುಮಾರು 20 ಸಾವಿರ ಹರ್ಟ್ಸ್‌ವರೆಗಿನ ಸದ್ದು ಕೇಳಿಸಿದರೆ ದನಗಳಿಗೆ ಸುಮಾರು 35 ಸಾವಿರದವರೆಗೂ ಕೇಳಿಸುತ್ತದೆ. ಕಬ್ಬಿಣದ ಗೇಟಿನ ಕಿರುಗುಟ್ಟುವಿಕೆ, ಸೀಟಿ, ಕೂಗಾಟ ಅವಕ್ಕೆ ನಮಗಿಂತ ಹೆಚ್ಚು ಚುಚ್ಚುತ್ತವೆ.

ಇನ್ನೊಂದು ಮುಖ್ಯ ಸಂಗತಿ. ದನಗಳ ಸ್ವಭಾವವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಎಂಬ ಮಹಿಳೆ, ಒಮ್ಮೆ ಚೆನ್ನಾಗಿ ಬೆದರಿದ ದನ ಮತ್ತೆ ಶಾಂತವಾಗಲು 20ರಿಂದ 30 ನಿಮಿಷ ಬೇಕೆಂದು ಹೇಳುತ್ತಾರೆ. ಆ ಅರ್ಧ ಗಂಟೆಯಲ್ಲಿ ಏನು ಕಲಿಸಿದರೂ ಅದರ ತಲೆಗೆ ಹೋಗುವುದಿಲ್ಲ. ನಮ್ಮಲ್ಲಿ ಹೆಚ್ಚಿನ ಹೋರಿಗಳು ಕೆಡುವುದು ಈ ಅರ್ಧ ಗಂಟೆಯಲ್ಲೇ. ಅದು ಬೆದರುತ್ತದೆ, ನಾವು ಹೊಡೆಯುತ್ತೇವೆ, ಅದು ಮತ್ತಷ್ಟು ಬೆದರುತ್ತದೆ. ಆಗ ಮಾಡಬೇಕಾದದ್ದು ಒಂದೇ: ಎಲ್ಲವನ್ನೂ ನಿಲ್ಲಿಸಿ, ಸುಮ್ಮನೆ ಕಾಯುವುದು.

ಮೊದಲು ಬಿಡುವು

ಬೇಸಿಗೆ ಹತ್ತಿರವಾದಂತೆ ಹೋರಿ ಹಬ್ಬಗಳು ಮುಗಿಯುತ್ತವೆ. ನಮ್ಮ ಕಡೆ ಮೆಕ್ಕೆಜೋಳದ ಬಿತ್ತನೆ ಮಳೆ ಹಿಡಿದ ಮೇಲೆ, ಜೂನ್ ಹೊತ್ತಿಗೆ. ನಡುವೆ ಮೂರು ತಿಂಗಳು ಸಿಗುತ್ತದೆ. ಅದೇ ನಿಮ್ಮ ಶಾಲೆಯ ಅವಧಿ.

ಮೊದಲ ಮೂರು ನಾಲ್ಕು ವಾರ ಯಾವ ಕೆಲಸವೂ ಬೇಡ. ಓಟಕ್ಕೆಂದು ಕೊಡುತ್ತಿದ್ದ ಹುರುಳಿ, ಹಿಂಡಿ, ಹತ್ತಿಕಾಳನ್ನು ನಿಧಾನವಾಗಿ ಇಳಿಸಿ ಭತ್ತದ ಹುಲ್ಲು, ಹಸಿ ಹುಲ್ಲು ಹೆಚ್ಚಿಸಿ. ಒಂದೇ ದಿನ ನಿಲ್ಲಿಸಬೇಡಿ, ಹೊಟ್ಟೆ ಕೆಡುತ್ತದೆ. ಎರಡು ವಾರದಲ್ಲಿ ಮೆಲ್ಲಗೆ ಬದಲಿಸಿ. ಬೇಸಿಗೆಯಲ್ಲಿ ದೊಡ್ಡ ಹೋರಿಗೆ ದಿನಕ್ಕೆ 40ರಿಂದ 50 ಲೀಟರ್ ನೀರು ಬೇಕಾಗುತ್ತದೆ. ಓಡಲೆಂದು ಶಕ್ತಿ ತುಂಬಿದ ಮೈಯನ್ನು ಕಟ್ಟಿ ನಿಲ್ಲಿಸಿ "ಇದು ನಿಲ್ಲುವುದಿಲ್ಲ" ಎಂದರೆ ತಪ್ಪು ಹೋರಿಯದ್ದಲ್ಲ.

ಈ ಬಿಡುವಿನಲ್ಲೇ ಪಶು ಆಸ್ಪತ್ರೆಯ ವೈದ್ಯರಿಗೆ ತೋರಿಸಿ. ಗೊರಸು, ಮಂಡಿ, ಮೂಗಿನ ಹುಣ್ಣು ನೋಡಿಸಬೇಕು. ಎಷ್ಟೋ ಹೋರಿಗಳು ನೊಗ ಕೊಡವುವುದು ಹೆಗಲಿನ ಹಳೆಯ ನೋವಿನಿಂದ. ನೋವಿರುವ ಪ್ರಾಣಿಗೆ ತಾಳ್ಮೆ ಕಲಿಸಲಾಗದು. ಹೋರಿಯನ್ನು ದುಡಿಮೆಗೆ ಹೂಡುವುದು ಖಚಿತವಾದರೆ ಬೀಜ ಒಡೆಸುವ ಬಗ್ಗೆಯೂ ವೈದ್ಯರಲ್ಲೇ ಕೇಳಿ. ಇದನ್ನು ಊರಿನ ಕಲ್ಲು ಕೋಲಿನ ಪದ್ಧತಿಯಲ್ಲಿ ಮಾಡಿಸುವುದು ಕ್ರೂರ, ಅಪಾಯಕಾರಿಯೂ ಹೌದು. ವೈದ್ಯರು ಚರ್ಮ ಕೊಯ್ಯದೆಯೇ ಬರ್ಡಿಝೋ ಎಂಬ ಇಕ್ಕಳದಿಂದ ಮಾಡುತ್ತಾರೆ. ಆದರೆ ಒಂದು ಮಾತು ನೆನಪಿಡಿ. ಅದರಿಂದ ಹೋರಿಯ ಹುಮ್ಮಸ್ಸು ಮೆಲ್ಲಗೆ ಇಳಿಯಬಹುದು, ಕಲಿತ ಭಯ ಇಳಿಯುವುದಿಲ್ಲ. ಭಯವನ್ನು ಇಳಿಸಬೇಕಾದವರು ನೀವೇ.

ಇಲ್ಲಿ ಮನೆಯ ಹೆಣ್ಣುಮಕ್ಕಳ ಪಾತ್ರ ದೊಡ್ಡದು. ಅಖಾಡದಲ್ಲಿ ಹೋರಿಯನ್ನು ಸುತ್ತುವರಿದು ಕೂಗಿದವರು ಗಂಡಸರು. ನಿಮ್ಮ ದನಿಗೆ ಅದರ ನೆನಪಿನಲ್ಲಿ ಕೆಟ್ಟದ್ದೇನೂ ಅಂಟಿಕೊಂಡಿಲ್ಲ. ದಿನಾ ಒಂದೇ ಹೊತ್ತಿಗೆ, ಫಜ್ರ್ ನಮಾಝಿನ ಬಳಿಕದ ತಂಪಿನಲ್ಲಿ, ಒಂದೇ ಮಾತು ಹೇಳುತ್ತಾ ನೀರಿಡಿ. ಗೋದಲಿಯ ಆಚೆ ನಿಂತು ಹುಲ್ಲು ಹಾಕಿ. ಕೆಲವು ದಿನಗಳಾದ ಮೇಲೆ ಬಿದಿರಿನ ಉದ್ದ ಕೋಲಿನ ತುದಿಗೆ ಬಟ್ಟೆ ಸುತ್ತಿ ಹೆಗಲನ್ನು ತುರಿಸಿ. ದನಗಳು ಪರಸ್ಪರ ನೆಕ್ಕುವುದು ಕತ್ತು, ಹೆಗಲುಗಳನ್ನೇ. ಆ ಜಾಗದ ಸ್ಪರ್ಶ ಅವಕ್ಕೆ ಹಿತ. ಅದು ಕತ್ತು ಚಾಚಿ ನಿಂತರೆ ಮರುದಿನ ಕೋಲು ಗಿಡ್ಡದಾಗಲಿ. ಕೊನೆಗೆ ಕೈ. ಹಣೆಯನ್ನು ಮಾತ್ರ ಯಾರೂ ತಳ್ಳಿ ಆಟವಾಡಿಸಬಾರದು. ಹಣೆ ಒತ್ತಿದರೆ ಅದು ಗುದ್ದಾಟದ ಕರೆ ಎಂದೇ ಹೋರಿ ತಿಳಿಯುತ್ತದೆ.

ಹಗ್ಗದ ಭಾಷೆ

ಮೂಗುದಾರ ಬಹಳ ಸೂಕ್ಷ್ಮವಾದ ಸಾಧನ. ಜಗ್ಗಿದರೆ ನೋವು, ಸಡಿಲಿಸಿದರೆ ನೆಮ್ಮದಿ. ಹೋರಿ ಕಲಿಯುವುದು ಜಗ್ಗಿದಾಗ ಅಲ್ಲ, ಸಡಿಲಿಸಿದಾಗ. ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ಮೆಲ್ಲಗೆ ಹಗ್ಗ ಬಿಗಿ ಮಾಡಿ. ಅದು ತಲೆಯನ್ನು ಒಂದು ಅಂಗುಲ ನಿಮ್ಮ ಕಡೆ ತಂದರೂ ಆ ಕ್ಷಣವೇ ಸಡಿಲಿಸಿ. "ಹೀಗೆ ಮಾಡಿದರೆ ಬಿಗಿ ಹೋಗುತ್ತದೆ" ಎಂಬುದು ಅದಕ್ಕೆ ತಿಳಿಯುತ್ತದೆ. ತಡವಾಗಿ ಸಡಿಲಿಸಿದರೆ ಏನೂ ತಿಳಿಯುವುದಿಲ್ಲ. ಸದಾ ಬಿಗಿಯಾಗಿಯೇ ಹಿಡಿದರೆ ನೋವು ಸಹಿಸುವುದನ್ನು ಕಲಿಯುತ್ತದೆ. ಆಮೇಲೆ ಯಾವ ಹಗ್ಗಕ್ಕೂ ಬಗ್ಗದು.

ಈ ಹಗ್ಗ ಹಿಡಿಯುವ ಕೆಲಸಕ್ಕೆ ದನ ಬಲ್ಲ ಒಬ್ಬ ಹಿರಿಯರನ್ನು ಕರೆಯಿರಿ. ಮನೆಯ ಚಾಚಾ ಇರಬಹುದು, ನೆರೆಯ ರೈತರಿರಬಹುದು. ಮೊದಲ ಪಾಠ ನಿಲ್ಲುವುದು. ನಡೆಯುವುದು ಅದಕ್ಕೆ ಬರುತ್ತದೆ, ನಿಲ್ಲುವುದು ಬರುವುದಿಲ್ಲ. ಗಟ್ಟಿ ಕಂಬಕ್ಕೆ ಕಟ್ಟಿ ಐದು ನಿಮಿಷ ನಿಲ್ಲಿಸಿ, ಶಾಂತವಾಗಿದ್ದಾಗಲೇ ಬಿಚ್ಚಿ. ಅದು ಜಗ್ಗಾಡುತ್ತಿರುವಾಗ ಬಿಚ್ಚಿದರೆ, ಜಗ್ಗಾಡಿದರೆ ಬಿಡುಗಡೆ ಎಂದು ನೀವೇ ಕಲಿಸಿದಂತೆ. ಐದು ನಿಮಿಷ ಹತ್ತಾಗಲಿ, ಹತ್ತು ಇಪ್ಪತ್ತಾಗಲಿ. ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚಿನ ಪಾಠ ಬೇಡ. ಯಾವಾಗಲೂ ಅದಕ್ಕೆ ಬರುವ ಒಂದು ಕೆಲಸ ಮಾಡಿಸಿಯೇ ಪಾಠ ಮುಗಿಸಿ.

ಹಳೆಯ ಎತ್ತೇ ದೊಡ್ಡ ಮೇಷ್ಟ್ರು

ದನ ಗುಂಪಿನ ಪ್ರಾಣಿ. ಒಂಟಿಯಾಗಿ ಕಟ್ಟಿದ ಹೋರಿ ಸದಾ ಎಚ್ಚರದಲ್ಲಿರುತ್ತದೆ, ಏಕೆಂದರೆ ಕಾವಲು ಕಾಯಲು ಅದಕ್ಕೆ ಬೇರೆ ಯಾರೂ ಇಲ್ಲ. ಪಕ್ಕದಲ್ಲಿ ಒಂದು ಮುದಿ ಎತ್ತು ಮೆಲುಕು ಹಾಕುತ್ತಾ ಮಲಗಿದ್ದರೆ, ಭಯಪಡುವಂಥದ್ದೇನೂ ಇಲ್ಲ ಎಂಬ ಸುದ್ದಿ ಮಾತಿಲ್ಲದೆ ದಾಟುತ್ತದೆ.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎಂಬ ಹೆಸರಿನಲ್ಲಿದ್ದ ಅರಮನೆಯ ದನಗಳ ಇಲಾಖೆಗೆ 'ಅಮೃತ್ ಮಹಲ್' ಎಂದು ಹೆಸರಿಟ್ಟವರು ಟಿಪ್ಪು ಸುಲ್ತಾನರು. ಆ ಎತ್ತುಗಳು ಫಿರಂಗಿ ಗಾಡಿಗಳನ್ನು ಎಳೆಯುತ್ತಿದ್ದವು. ಹೈದರಲಿಯವರು ಚಿದಂಬರಂನ ರಕ್ಷಣೆಗೆ ಎರಡೂವರೆ ದಿನಗಳಲ್ಲಿ ನೂರು ಮೈಲಿ ಸಾಗಿದ್ದು ಇವುಗಳ ಬಲದಿಂದ ಎಂದು ದಾಖಲಾಗಿದೆ. ಆದರೆ ಈ ದನಗಳು ಬೆಳೆಯುತ್ತಿದ್ದುದು ಕೊಟ್ಟಿಗೆಯಲ್ಲಲ್ಲ, ಮನುಷ್ಯರ ಸುಳಿವು ಕಡಿಮೆಯಿದ್ದ ಕಾವಲುಗಳಲ್ಲಿ. ಹೆಚ್ಚು ಕಡಿಮೆ ಕಾಡುಪ್ರಾಣಿಗಳಂತೆಯೇ. ಅವನ್ನು ದೊಡ್ಡಿಗೆ ತಂದು, ಪಳಗಿದ ಎತ್ತುಗಳ ಜೊತೆ ಕಟ್ಟಿ, ಮೆಲ್ಲಗೆ ಒಗ್ಗಿಸುತ್ತಿದ್ದರು. ಗುಂಡಿನ ಸದ್ದಿನ ನಡುವೆಯೂ ಫಿರಂಗಿ ಎಳೆದ ಎತ್ತುಗಳ ಪಾಠಶಾಲೆ ಅದು. ಆ ತಳಿಯನ್ನು ಉಳಿಸುವ ಸರ್ಕಾರಿ ಕೇಂದ್ರ ಇಂದಿಗೂ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿದೆ.

ನಿಮ್ಮ ಹೋರಿಗೂ ಅದೇ ದಾರಿ. ಮೊದಲು ಒಂಟಿಯಾಗಿ, ಬರೀ ಹಗ್ಗಕ್ಕೆ ಒಂದು ಸಣ್ಣ ಕೊರಡು ಕಟ್ಟಿ ಎಳೆಸಿ. ಹಿಂದಿನಿಂದ ಸದ್ದು ಮಾಡುತ್ತಾ ಏನೋ ಬೆನ್ನಟ್ಟುತ್ತಿದೆ ಎಂದು ಅದು ಹೆದರುತ್ತದೆ. ತಾನು ನಿಂತರೆ ಅದೂ ನಿಲ್ಲುತ್ತದೆ ಎಂಬುದು ತಿಳಿದ ದಿನ ದೊಡ್ಡ ಗಂಟು ಬಿಚ್ಚಿದಂತೆ. ನಂತರ ಹಳೆಯ ಎತ್ತಿನ ಜೊತೆ ಬರೀ ನೊಗ ಹೊತ್ತು ನಡೆಯಲಿ. ಆಮೇಲೆ ನೊಗಕ್ಕೆ ಕೊರಡು. ಆಮೇಲೆ ಬಯಲಿನಲ್ಲಿ ಖಾಲಿ ಗಾಡಿ. ಇಷ್ಟರಲ್ಲಿ ಒಂದು ಹೆಜ್ಜೆ ಸರಿಬರದಿದ್ದರೆ ನಾಚಿಕೆಯಿಲ್ಲದೆ ಹಿಂದಿನ ಹೆಜ್ಜೆಗೆ ಮರಳಿ. ಎಡಗೋಲಿಗೆ ಕಟ್ಟಿದ ಹೋರಿಯನ್ನು ಎಡಕ್ಕೇ ಕಟ್ಟಿ. ದಿನಕ್ಕೊಂದು ಪಕ್ಕ ಬದಲಿಸಿದರೆ ಗೊಂದಲಗೊಳ್ಳುತ್ತದೆ.

ಸದ್ದಿನ ಪಾಠವನ್ನೂ ಹೀಗೆಯೇ ಮೆಟ್ಟಿಲು ಮೆಟ್ಟಿಲಾಗಿ ಕಲಿಸಬೇಕು. ಹುಲ್ಲು ತಿನ್ನುತ್ತಿರುವಾಗ ದೂರದಲ್ಲಿ ಮೆಲ್ಲಗೆ ಡಬ್ಬ ಬಡಿಯಿರಿ. ತಲೆ ಎತ್ತಿ ಮತ್ತೆ ತಿನ್ನಲು ತೊಡಗಿದರೆ ಸಾಕು, ಆ ದಿನಕ್ಕೆ ಅಷ್ಟೇ. ತಿನ್ನುವುದನ್ನೇ ನಿಲ್ಲಿಸಿದರೆ ಸದ್ದು ಹೆಚ್ಚಾಯಿತು ಎಂದರ್ಥ. ನಾಲ್ಕಾರು ವಾರಗಳಲ್ಲಿ ಬೈಕು, ಟ್ರ್ಯಾಕ್ಟರ್, ಮಕ್ಕಳ ಕಿರುಚಾಟದ ನಡುವೆಯೂ ತಿನ್ನುವಂತಾದರೆ ನೀವು ಗೆದ್ದಿರಿ. ಮೊದಲೇ ಪಟಾಕಿ ಸಿಡಿಸಿ "ಅಭ್ಯಾಸ ಮಾಡಿಸುತ್ತೇವೆ" ಎನ್ನುವವರ ಮಾತು ಕೇಳಬೇಡಿ.

ಓಟದ ಕುದುರೆಗೂ ಇದೇ ಶಾಲೆ

ಬೆಂಗಳೂರು, ಮೈಸೂರುಗಳಲ್ಲಿ ಓಡುವ ರೇಸ್ ಕುದುರೆಗಳ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಟಿಪ್ಪು ಸುಲ್ತಾನರ ಅಶ್ವದಳಕ್ಕೆ ಕುದುರೆ ಬೆಳೆಸಿದ ಕುಣಿಗಲ್ ಫಾರಂನಲ್ಲೇ ನಂತರದ ಕಾಲದಲ್ಲಿ ಓಟದ ಕುದುರೆಗಳು ಬೆಳೆದವು. 1992ರಲ್ಲಿ ಸರ್ಕಾರ ಅದನ್ನು ಇದೇ ಉದ್ದೇಶಕ್ಕೆ ಖಾಸಗಿಯವರಿಗೆ ಗುತ್ತಿಗೆಗೂ ಕೊಟ್ಟಿತ್ತು. ರೇಸಿನ ಜೂಜು ನಮಗೆ ನಿಷಿದ್ಧ, ಅದರ ಮಾತು ಇಲ್ಲಿ ಬೇಡ. ಕುದುರೆಯ ಮಾತಷ್ಟೇ ಆಡೋಣ.

ಈ ಕುದುರೆಗಳು ಎರಡನೇ ವರ್ಷಕ್ಕೇ ಓಟಕ್ಕೆ ಇಳಿಯುತ್ತವೆ. ಕುದುರೆಯ ಆಯುಷ್ಯ 25 ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು. ಓಟ ಮಾತ್ರ ಕೆಲವೇ ವರ್ಷಗಳದ್ದು. ಉಳಿದ ಬದುಕಿಗೆ ಅದು ಸವಾರಿಯ ಕುದುರೆಯಾಗಬೇಕಾದರೆ ಎಲ್ಲವನ್ನೂ ಹೊಸದಾಗಿ ಕಲಿಯಬೇಕು. ರೇಸಿನ ಕುದುರೆ ನಡೆಯುತ್ತಿರುವಾಗಲೇ ಜಾಕಿಯನ್ನು ಅದರ ಬೆನ್ನಿಗೆ ಎತ್ತಿ ಕೂರಿಸುತ್ತಾರೆ. ಹಾಗಾಗಿ ಸವಾರ ಹತ್ತುವ ತನಕ ಸುಮ್ಮನೆ ನಿಲ್ಲುವುದು ಅದಕ್ಕೆ ಗೊತ್ತೇ ಇರುವುದಿಲ್ಲ. ಲಗಾಮು ಬಿಗಿದರೆ ಬೇರೆ ಕುದುರೆ ನಿಲ್ಲುತ್ತದೆ, ಇದು ಆ ಬಿಗಿಗೆ ಒರಗಿಕೊಂಡು ಇನ್ನೂ ಜೋರಾಗಿ ಓಡುತ್ತದೆ. ಏಕೆಂದರೆ ಅದು ಕಲಿತದ್ದೇ ಹಾಗೆ. ಬಲ್ಲವರು ಮೊದಲು ಕೆಲವು ವಾರ, ತಿಂಗಳು ಅದನ್ನು ಹುಲ್ಲುಗಾವಲಿಗೆ ಬಿಡುತ್ತಾರೆ. ಕಾಳು ಇಳಿಸುತ್ತಾರೆ. ಶಾಂತ ಕುದುರೆಯೊಂದನ್ನು ಜೊತೆಗೆ ಬಿಡುತ್ತಾರೆ. ನಂತರ ಹತ್ತಲು ಹೋದಾಗ ಕುದುರೆ ಹೆಜ್ಜೆ ಇಟ್ಟರೆ ಬೈಯುವುದಿಲ್ಲ, ಹೊಡೆಯುವುದಿಲ್ಲ. ಇಳಿದು, ಅದೇ ಜಾಗಕ್ಕೆ ಮರಳಿ ತಂದು, ಮತ್ತೆ ಮೊದಲಿನಿಂದ. ಹತ್ತು ಸಲ, ಇಪ್ಪತ್ತು ಸಲ. ನಿಂತ ದಿನ ಸವಾರ ಬೆನ್ನ ಮೇಲೆ ಸುಮ್ಮನೆ ಕೂತು, ಕತ್ತು ಸವರಿ, ಇಳಿದುಬಿಡುತ್ತಾನೆ. ಬೆನ್ನ ಮೇಲೆ ಭಾರ ಬಂದರೆ ಓಡಬೇಕಾಗಿಲ್ಲ ಎಂಬುದೇ ಆ ದಿನದ ಪಾಠ.

ಪ್ರವಾದಿ ಮುಹಮ್ಮದ್(ಸ)ರ ಕಾಲದಲ್ಲಿ ಮದೀನಾದಲ್ಲಿ ಕುದುರೆ ಓಟ ನಡೆಯುತ್ತಿತ್ತು. ಓಟಕ್ಕೆ ಸಿದ್ಧಗೊಳಿಸಿದ ಕುದುರೆಗಳಿಗೆ ದೂರದ ಗುರಿ, ಸಿದ್ಧಗೊಳಿಸದ ಕುದುರೆಗಳಿಗೆ ಹತ್ತಿರದ ಗುರಿ ಗೊತ್ತುಪಡಿಸಿದ್ದರು ಎಂದು ಹದೀಸ್‌ಗಳಲ್ಲಿದೆ. ಸಿದ್ಧತೆಗೆ ತಕ್ಕಷ್ಟೇ ಹೊರೆ ಎಂಬ ನ್ಯಾಯ ಪ್ರಾಣಿಗೂ ಇದೆ. ಇನ್ನೊಂದು ಪ್ರಸಂಗ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಒಮ್ಮೆ ಹಝ್ರತ್ ಆಯಿಶಾ(ರ) ಸವಾರಿ ಮಾಡುತ್ತಿದ್ದ ಒಂಟೆ ಹೇಳಿದ ಮಾತು ಕೇಳದೆ ಹಠ ಹಿಡಿಯಿತು. ಅವರು ಅದನ್ನು ಬಲವಂತವಾಗಿ ಅತ್ತಿತ್ತ ತಿರುಗಿಸತೊಡಗಿದರು. ಆಗ ಪ್ರವಾದಿ(ಸ) ಅವರಿಗೆ ಸೌಮ್ಯತೆಯನ್ನು ನೆನಪಿಸಿದರು. ಸೌಮ್ಯತೆ ಯಾವುದರಲ್ಲಿ ಇರುವುದೋ ಅದು ಚೆಂದವಾಗುತ್ತದೆ, ಯಾವುದರಿಂದ ತೆಗೆಯಲಾಗುವುದೋ ಅದು ಕುಂದುತ್ತದೆ ಎಂಬುದು ಆ ಬೋಧನೆಯ ಸಾರ. ಈ ಬೋಧನೆಯನ್ನು ನಾವು ಮಕ್ಕಳ ವಿಷಯದಲ್ಲಿ, ಸಂಸಾರದ ವಿಷಯದಲ್ಲಿ ಆಗಾಗ ಕೇಳುತ್ತೇವೆ. ಅದು ಹೇಳಲ್ಪಟ್ಟದ್ದು ಹಠ ಹಿಡಿದ ಒಂದು ಸವಾರಿ ಪ್ರಾಣಿಯ ಮುಂದೆ ಎಂಬುದನ್ನು ಮಾತ್ರ ಮರೆಯುತ್ತೇವೆ.

ಎಚ್ಚರಿಕೆಯ ಮಾತು

ಸೌಮ್ಯತೆ ಎಂದರೆ ಅಜಾಗರೂಕತೆಯಲ್ಲ. ಹೋರಿ ಹಾಯ್ದರೆ ಜೀವ ಹೋಗುತ್ತದೆ. 2022ರ ದೀಪಾವಳಿಯ ನಂತರದ ಹಬ್ಬಗಳಲ್ಲಿ ಶಿಕಾರಿಪುರ, ಸೊರಬದ ಮನೆಗಳೇ ಈ ನೋವನ್ನು ಕಂಡಿವೆ. ಸತ್ತವರಲ್ಲಿ ನೋಡಲು ಹೋದವರೂ ಇದ್ದರು. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿತ್ತು. 2017ರಲ್ಲಿ ಕರ್ನಾಟಕ ಕಾನೂನು ತಿದ್ದಿ ಕಂಬಳ, ಎತ್ತಿನ ಓಟಗಳಿಗೆ ಷರತ್ತಿನ ಅವಕಾಶ ಕೊಟ್ಟಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕಾನೂನಿನ ಚರ್ಚೆ ಏನೇ ಇರಲಿ, ನಿಮ್ಮ ಅಂಗಳದಲ್ಲಿ ಮಗುವನ್ನು ಕಾಯಲು ಯಾವ ಕೋರ್ಟೂ ಬರುವುದಿಲ್ಲ. ಆದ್ದರಿಂದ ಈ ಕೆಲವು ನಿಯಮಗಳನ್ನು ಮನೆಯ ಎಲ್ಲರಿಗೂ ಹೇಳಿ.

ಹೋರಿಗೂ ಮಕ್ಕಳು ಆಡುವ ಜಾಗಕ್ಕೂ ನಡುವೆ ಗಟ್ಟಿ ಬೇಲಿಯಿರಲಿ. ಗೋದಲಿಯ ಆಚೆಯಿಂದಲೇ ನೀರು, ಮೇವು ಕೊಡುವ ವ್ಯವಸ್ಥೆ ಮಾಡಿಸಿ. ಗೋಡೆಗೂ ಹೋರಿಗೂ ನಡುವಿನ ಸಂದಿಯಲ್ಲಿ ಎಂದೂ ನಿಲ್ಲಬೇಡಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಮಡಚಿ ಹಿಡಿಯಿರಿ. ಅದು ತಲೆ ತಗ್ಗಿಸಿ, ಬೆನ್ನು ಉಬ್ಬಿಸಿ, ಪಕ್ಕ ತೋರಿಸಿ ನಿಂತರೆ, ಕಾಲಿನಿಂದ ಮಣ್ಣು ಕೆದರಿದರೆ ಓಡದೆ, ಬೆನ್ನು ತಿರುಗಿಸದೆ, ಮೆಲ್ಲಗೆ ಹಿಂದೆ ಸರಿಯಿರಿ. ಗರ್ಭಿಣಿಯರು, ಮಕ್ಕಳು ಈ ಕೆಲಸಕ್ಕೆ ಬೇಡವೇ ಬೇಡ. ಕೊಂಬು ತಾಗಿದ ಗಾಯ ಸಣ್ಣದಿದ್ದರೂ ಆಸ್ಪತ್ರೆಗೆ ಹೋಗಿ ಧನುರ್ವಾಯುವಿನ ಚುಚ್ಚುಮದ್ದು ತೆಗೆದುಕೊಳ್ಳಿ. ಹೋರಿಗೆ ತುರ್ತು ಚಿಕಿತ್ಸೆ ಬೇಕಾದರೆ 1962ಕ್ಕೆ ಕರೆ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನವನ್ನು ಕರೆಸಬಹುದು.

ಮತ್ತೊಂದು ಮಾತನ್ನು ಒಪ್ಪಿಕೊಳ್ಳಲೇಬೇಕು. ಎಲ್ಲ ಹೋರಿಗಳೂ ಪಳಗುವುದಿಲ್ಲ. ಮೂರು ತಿಂಗಳ ತಾಳ್ಮೆಯ ನಂತರವೂ ಮನುಷ್ಯರ ಮೇಲೆ ಬೇಕೆಂದೇ ಏರಿ ಬರುವ ಹೋರಿಯಿದ್ದರೆ ಅದು ಮನೆಯಂಗಳದ ಪ್ರಾಣಿಯಲ್ಲ. ಆ ತೀರ್ಮಾನವನ್ನು ಪಶುವೈದ್ಯರ ಜೊತೆ ಕೂತು ಮಾಡಬೇಕು, ಮಗನ ಅಭಿಮಾನದ ಜೊತೆ ಅಲ್ಲ.

ಮೆಕ್ಕೆಜೋಳದ ಸಾಲಿನಲ್ಲಿ

ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಯಾತಕ್ಕೆ ಎಂದು ಕೇಳುವವರಿದ್ದಾರೆ. ಮೆಕ್ಕೆಜೋಳ ಮೊಣಕಾಲುದ್ದ ಬೆಳೆದಾಗ ಸಾಲುಗಳ ನಡುವೆ ಕಳೆ ತೆಗೆಯಲು, ಬುಡಕ್ಕೆ ಮಣ್ಣು ಏರಿಸಲು ಎಡೆಕುಂಟೆ ಹೊಡೆಯಬೇಕು. ಅಲ್ಲಿ ದೊಡ್ಡ ಟ್ರ್ಯಾಕ್ಟರ್ ಹೋದರೆ ಬೆಳೆಯೇ ಉಳಿಯದು. ಬಾಯಿಕುಕ್ಕೆ ಕಟ್ಟಿದ ಎರಡು ಎತ್ತುಗಳು ಒಂದು ಗಿಡವನ್ನೂ ತುಳಿಯದೆ, ಒಂದೇ ಹದದಲ್ಲಿ ಸಾಲಿನ ಕೊನೆಯವರೆಗೆ ನಡೆದು, ಅಲ್ಲಿ ನಿಂತು, ತಿರುಗಲು ಹೇಳುವ ತನಕ ಕಾಯಬೇಕು. ಅಖಾಡದಲ್ಲಿ ಕೆಲವೇ ಕ್ಷಣಗಳಲ್ಲಿ ದಾಟಿ ಮರೆಯಾಗುತ್ತಿದ್ದ ಹೋರಿ ಜುಲೈ ತಿಂಗಳ ಒಂದು ಬೆಳಿಗ್ಗೆ ಆ ಸಾಲಿನ ಕೊನೆಯಲ್ಲಿ ಕಿವಿ ಅಲ್ಲಾಡಿಸುತ್ತಾ ನಿಂತಿದ್ದರೆ, ಅದನ್ನು ನೋಡಲು ಜನ ಸೇರುವುದಿಲ್ಲ, ಸೀಟಿ ಬೀಳುವುದಿಲ್ಲ. ಆದರೆ ಅದರ ಹಿಂದೆ ಮೂರು ತಿಂಗಳ ಬೆಳಗುಗಳಿವೆ. ಅವು ಹೆಚ್ಚಾಗಿ ಮನೆಯ ಒಬ್ಬ ಹೆಣ್ಣುಮಗಳ ಬೆಳಗುಗಳು.

ಸೋದರಿಯರೇ, ನಮ್ಮ ಹುಡುಗರನ್ನೂ ಊರು ಹೀಗೆಯೇ ಕೂಗಿ ಓಡಿಸುತ್ತದೆ. ಗೆದ್ದಾಗ ಹೆಗಲ ಮೇಲೆ ಹೊರುತ್ತದೆ, ಬಿದ್ದಾಗ ಮನೆಗೆ ತಂದು ಬಿಡುತ್ತದೆ. ಓಡುವುದನ್ನು ಊರು ಕಲಿಸಬಹುದು, ನಿಲ್ಲುವುದನ್ನು ಮನೆಯೇ ಕಲಿಸಬೇಕು. ನಿಮ್ಮ ಮನೆಯಲ್ಲಿ ಈ ವರ್ಷ ಹೋರಿ ತರುವ ಮಾತು ಬಂದರೆ ಬೇಡವೆಂದು ಜಗಳಕ್ಕೆ ನಿಲ್ಲುವ ಮೊದಲು ಮಗನಿಗೆ ಒಂದೇ ಪ್ರಶ್ನೆ ಕೇಳಿ: "ಬೇಟಾ, ಅದು ಓಡುವುದನ್ನು ಬಿಟ್ಟ ದಿನ ಅದರ ಹಗ್ಗ ಹಿಡಿಯುವವರು ಯಾರು?" ಅದಕ್ಕೆ ಅವನಲ್ಲಿ ಉತ್ತರವಿದ್ದರೆ ಹೋರಿಯನ್ನು ತರಲಿ.